ಲಕ್ಷ್ಯವನ್ನರಸಿದ ಚತುರಪಂಡಿತ

ಹಾಡಬಲ್ಲವರು ಶಾಸ್ತ್ರವನ್ನರಿಯರು, ಶಾಸ್ತ್ರಜ್ಞರು ಹಾಡಲರಿಯರು. ಹಿಂದೂಸ್ಥಾನೀ ಸಂಗೀತದ ಈ ಕೊರತೆಯೇ ವಿಷ್ಣು ನಾರಾಯಣ ಭಾತಖಂಡೆಯವರನ್ನು ಬಾಧಿಸಿತು. 1860ರಲ್ಲಿ ಮುಂಬಯಿಯಲ್ಲಿ ಜನಿಸಿದ ಅವರು ಮಡದಿ, ಮಗಳನ್ನು ಕಳೆದುಕೊಂಡ ಮೇಲೆ ವಕೀಲಿಯನ್ನು ತೊರೆದು ನಾದದ ಬೆನ್ನುಹತ್ತಿದರು. ವೆಂಕಟಮಖಿಯ 72 ಮೇಳಗಳ ಪದ್ಧತಿಯಿಂದ ಪ್ರೇರಿತರಾಗಿ ಹಿಂದೂಸ್ಥಾನೀ ರಾಗಗಳನ್ನು 10 ಥಾಟ್‌ಗಳಲ್ಲಿ ಅಳವಡಿಸಿದರು. ಉಸ್ತಾದರು ಅನ್ಯರಿಗೆ ಸುಲಭವಾಗಿ ಕೊಡದ ಚೀಜುಗಳನ್ನು ವಿನಯದಿಂದ ಬೇಡಿ ಪಡೆದು ಸ್ವರಲಿಪಿಯಲ್ಲಿ ಬರೆದಿಟ್ಟರು. ಪಟದೀಪದ ಕೋಮಲ ಗಾಂಧಾರ, ಶುದ್ಧ ನಿಷಾದಗಳ ಜೋಡಿಗೆ ಆ ಹತ್ತರಲ್ಲಿ ಮನೆಯಿಲ್ಲ, ನಿಜ. ಮೀಂಡಿನ ಎಳೆತವೂ ಲಿಪಿಗೆ ಪೂರ್ತಿ ಸಿಕ್ಕದು. ಆದರೆ ರೂಢಿಯ ಗಾಯನವನ್ನು ಬದಿಗಿಟ್ಟು ಪ್ರಾಚೀನ ಲಕ್ಷಣಕ್ಕೇ ಜೋತುಬೀಳಲು ಅವರು ಒಪ್ಪಲಿಲ್ಲ. ನಮ್ಮಂಥ ಪಂಡಿತರಿಗೆ ಇದು ತುಸು ಕಹಿಯಾದ ಔಷಧವೇ. 1936ರಲ್ಲಿ ದಿವಂಗತರಾದ ಈ ವಿದ್ವಾಂಸರು ‘ಶ್ರೀಮಲ್ಲಕ್ಷ್ಯಸಂಗೀತಮ್’ ಎಂಬ ತಮ್ಮ ಸಂಸ್ಕೃತ ಗ್ರಂಥಕ್ಕೆ ಸ್ವಂತ ಹೆಸರನ್ನಿಡದೆ ಚತುರಪಂಡಿತನೆಂದಷ್ಟೇ ಬರೆದುಕೊಂಡಿದ್ದರು.