ಪಿಂಗಾಣಿ ಎಂಬ ಹೆಸರು ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಹುಣಸೆಯ ಸೀಮೆ. ಇಲ್ಲಿನ ಹಳೆಯ ಮನೆಗಳಲ್ಲಿ ಹುಣಸೆಹಣ್ಣು, ಉಪ್ಪು, ಉಪ್ಪಿನಕಾಯಿಗಳಿಗೆ ಜಾಡಿಗಳು ಮೀಸಲಾಗಿದ್ದವು. ಹುಳಿ ಮತ್ತು ಉಪ್ಪು ಲೋಹದ ಪಾತ್ರೆಯನ್ನು ತಿನ್ನುತ್ತವೆ. ಗಾಜಿನ ಹೊಳಪಿನ ಈ ಜಾಡಿಗೆ ಅವು ಏನನ್ನೂ ಮಾಡಲಾರವು. ಜಾಡಿಯಾಗಲಿ, ಚಹಾದ ಬಟ್ಟಲಾಗಲಿ, ವಿದ್ಯುತ್ ಕಂಬದ ಮೇಲಿನ ಬಿಳಿಯ ಬುರುಡೆಯಾಗಲಿ, ಕನ್ನಡಿಗರು ಎಲ್ಲಕ್ಕೂ ಕೊಟ್ಟ ಹೆಸರು ಒಂದೇ: ಪಿಂಗಾಣಿ.

ಈ ನುಣುಪಾದ ಪಾತ್ರೆಯನ್ನು ಜಗತ್ತಿಗೆ ಕೊಟ್ಟವರು ಚೀನಿಯರು. ಆದ್ದರಿಂದ ಪರ್ಷಿಯನ್ನರು ಅದನ್ನು ಚೀನಿ ಎಂದರು, ಇಂಗ್ಲಿಷರು ಚೈನಾ ಎಂದರು. ಇಟಲಿಯವರಿಗೆ ಅದರ ಹೊಳಪು ಕವಡೆಯನ್ನು ನೆನಪಿಸಿತು; ಕವಡೆಗೆ ಅವರಿಟ್ಟಿದ್ದ ಹೆಸರಿನಿಂದಲೇ ಪೋರ್ಸಲೇನ್ ಎಂಬ ಪದ ಹುಟ್ಟಿತು. ಕನ್ನಡದ ಪಿಂಗಾಣಿಯಲ್ಲಿ ದೇಶದ ಹೆಸರೂ ಇಲ್ಲ, ಕವಡೆಯೂ ಇಲ್ಲ. ಪರ್ಷಿಯನ್ ಭಾಷೆಯಲ್ಲಿ ಪಿಂಗಾನ್ ಎಂದರೆ ಬಟ್ಟಲು. ಅರಬ್ಬರಲ್ಲಿ ಅದು ಫಿಂಜಾನ್ ಆಗಿ ಕಾಫಿಯ ಬಟ್ಟಲಿಗೆ ನಿಂತಿತು. ಕನ್ನಡದಲ್ಲಿ ಬಟ್ಟಲಿನ ಹೆಸರು ಅದನ್ನು ಮಾಡಿದ ವಸ್ತುವಿಗೇ ಅಂಟಿಕೊಂಡಿತು.

ಪರ್ಷಿಯನ್ ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಶಿರಾ 1638ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ವಶವಾಯಿತು. 1687ರಿಂದ ಸುಮಾರು 70 ವರ್ಷ ಮೊಗಲರ ಸುಬಾ ರಾಜಧಾನಿಯಾಗಿತ್ತು. ಆಡಳಿತದ ಭಾಷೆ ಪರ್ಷಿಯನ್. ಅರ್ಜಿ, ಜಮಾಬಂದಿ, ಶಿರಸ್ತೇದಾರ, ದಿವಾನ ಮುಂತಾದ ಪದಗಳು ಇಂತಹ ಆಡಳಿತದ ಮೂಲಕವೇ ಕನ್ನಡದಲ್ಲಿ ಬೇರೂರಿದವು.

ಪರ್ಷಿಯದಿಂದ ಬಂದದ್ದು ಪದಗಳಷ್ಟೇ ಅಲ್ಲ, ಮನೆತನಗಳೂ ಬಂದವು. 1824ರಲ್ಲಿ ಶಿರಾಜ್ ನಗರದ ಅಲಿ ಅಸ್ಕರ್ ಎಂಬ ಹದಿಹರೆಯದ ತರುಣ ಕುದುರೆಗಳೊಡನೆ ಬೆಂಗಳೂರಿಗೆ ಬಂದು ನೆಲೆಸಿದರು. ಅವರ ಮೊಮ್ಮಗನೇ ಮಿರ್ಜಾ ಇಸ್ಮಾಯಿಲ್. 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಬೆಳೆದರು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪೊಲೀಸ್ ಇಲಾಖೆಯಲ್ಲಿ ಸೇವೆ ಆರಂಭಿಸಿ, ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. 1926ರಲ್ಲಿ ಮೈಸೂರಿನ ದಿವಾನರಾದರು.

ಎರಡೇ ವರ್ಷದಲ್ಲಿ ಪರೀಕ್ಷೆ ಎದುರಾಯಿತು. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯ ಗಣಪತಿ ಮೂರ್ತಿಯ ಕುರಿತ ವಿವಾದ ಗಲಭೆಗೆ ತಿರುಗಿತು. ದಿವಾನರ ಧರ್ಮವೇ ಟೀಕೆಯ ವಸ್ತುವಾಯಿತು. ಎಂ. ವಿಶ್ವೇಶ್ವರಯ್ಯ ಅವರ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿತು. ಮಹಾರಾಜರು ತಮ್ಮ ದಿವಾನರನ್ನು ಕೈಬಿಡಲಿಲ್ಲ. ಮಿರ್ಜಾ ಅವರೂ ಕೆಲಸದಿಂದ ಹಿಂದೆ ಸರಿಯಲಿಲ್ಲ.

ಅವರ ಕಾಲದಲ್ಲಿ ಮಂಡ್ಯದಲ್ಲಿ ಸಕ್ಕರೆ, ಭದ್ರಾವತಿಯಲ್ಲಿ ಕಾಗದ, ಬೆಂಗಳೂರಿನಲ್ಲಿ ವಿದ್ಯುದ್ದೀಪಗಳ ಕಾರ್ಖಾನೆ ತಲೆಯೆತ್ತಿದವು. ಆ ಸಾಲಿನಲ್ಲೇ 1930ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಮೀಪ ಸರ್ಕಾರಿ ಪಿಂಗಾಣಿ ಕಾರ್ಖಾನೆ ಸ್ಥಾಪನೆಯಾಯಿತು. ಇದು ಊಟದ ಮೇಜಿನ ಅಲಂಕಾರಕ್ಕಷ್ಟೇ ಸೀಮಿತವಾದ ಯೋಜನೆಯಾಗಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿಯತೊಡಗಿದ ಮೇಲೆ, ತಂತಿಯ ವಿದ್ಯುತ್ತು ಕಂಬಕ್ಕೆ ತಾಗದಂತೆ ತಡೆಯಲು ಪಿಂಗಾಣಿಯ ಬುರುಡೆಗಳು ಅನಿವಾರ್ಯವಾಗಿದ್ದವು. ಊರೂರಿಗೆ ದೀಪ ಕೊಡಬೇಕಾದರೆ ಅವು ಇಲ್ಲಿಯೇ ತಯಾರಾಗಬೇಕಿತ್ತು.

ಬಿಳಿಯ ಜೇಡಿಮಣ್ಣು, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ ಪಿಂಗಾಣಿಯ ಮೂಲದ್ರವ್ಯಗಳು. 1,200 ಡಿಗ್ರಿಗೂ ಮೀರಿದ ಶಾಖದಲ್ಲಿ ಫೆಲ್ಡ್‌ಸ್ಪಾರ್ ಕರಗಿ, ಮಣ್ಣಿನ ರಂಧ್ರಗಳನ್ನು ಗಾಜಿನಂತೆ ತುಂಬುತ್ತದೆ. ನೀರು ಒಳಗಿಳಿಯದಿರುವುದಕ್ಕೂ, ವಿದ್ಯುತ್ತು ಹರಿಯದಿರುವುದಕ್ಕೂ, ಹುಳಿಗೆ ಬಗ್ಗದಿರುವುದಕ್ಕೂ ಇದೇ ಕಾರಣ. ಯುರೋಪಿನವರಿಗೆ ಈ ರಹಸ್ಯ ದಕ್ಕಿದ್ದು 18ನೇ ಶತಮಾನದ ಆರಂಭದಲ್ಲಿ, ಜರ್ಮನಿಯಲ್ಲಿ.

1940ರಲ್ಲಿ ನಾಲ್ವಡಿಯವರು ನಿಧನರಾದರು. ಮರುವರ್ಷ ಮಿರ್ಜಾ ಇಸ್ಮಾಯಿಲ್ ಅಧಿಕಾರ ತ್ಯಜಿಸಿದರು. ಬಳಿಕ ಜಯಪುರ, ಹೈದರಾಬಾದ್ ಸಂಸ್ಥಾನಗಳಲ್ಲಿ ಪ್ರಧಾನಮಂತ್ರಿಯಾಗಿದ್ದು, ಕೊನೆಗೆ ಮರಳಿದ್ದು ಹುಟ್ಟೂರಿಗೇ. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅವರ ಕಾಲದ ಪಿಂಗಾಣಿ ಕಾರ್ಖಾನೆ ಮುಂದೆ ಕೇಂದ್ರ ಸರ್ಕಾರದ ಬಿಎಚ್‌ಇಎಲ್ ಸಂಸ್ಥೆಗೆ ಸೇರಿತು.

ಪಿಂಗಾಣಿ ಪರದೇಶದ ಪದವೆಂದು ಉಪ್ಪಿನಕಾಯಿ ಹಾಕುವ ಗೃಹಿಣಿ ಎಂದೂ ಎಣಿಸಿದವಳಲ್ಲ. ಅವಳಿಗೆ ಅದು ಮನೆಯ ಮಾತು. ಶಿರಾಜ್‌ನ ಕುದುರೆ ವ್ಯಾಪಾರಿಯ ಮೊಮ್ಮಗನನ್ನು ಮೈಸೂರು ಸೀಮೆಯ ಜನ ನೆನೆಯುವುದೂ ತಮ್ಮ ದಿವಾನರೆಂದೇ.