ತಾಯ್ತನ ಉಳಿಸಿದ ಹೊಲಿಗೆ: ಡಾ. ವಿ. ಎನ್. ಶಿರೋಡಕರ



ಡಾಕ್ಟರ್ ಆಗಬೇಕೆಂಬ ಕನಸು ಹೊತ್ತು ನಮ್ಮ ವಿಜ್ಞಾನ ವಿಭಾಗಕ್ಕೆ ಸೇರುವವರಲ್ಲಿ ವಿಜಯಪುರ ನಗರದವರಿದ್ದಾರೆ. ತಿಕೋಟಾ, ಬಬಲೇಶ್ವರ ಕಡೆಯಿಂದ ದಿನಾಲೂ ಬಸ್ಸಿನಲ್ಲಿ ಬಂದು ಹೋಗುವವರೂ ಇದ್ದಾರೆ. ದೊಡ್ಡ ಸಂಶೋಧನೆಗಳೆಲ್ಲ ಲಂಡನ್, ಅಮೆರಿಕದಲ್ಲೇ ಆಗುತ್ತವೆ, ನಮ್ಮಂಥ ಊರುಗಳಲ್ಲಿ ಓದಿದವರಿಗೆ ಅದು ದೂರದ ಮಾತು ಎಂಬ ಅಳುಕು ಇವರಲ್ಲಿ ಹಲವರಿಗೆ ಇರುತ್ತದೆ. ಆ ಅಳುಕು ಬಿಡಬೇಕಾದರೆ ಡಾ. ವಿಠ್ಠಲ ನಾಗೇಶ ಶಿರೋಡಕರ ಅವರ ಜೀವನವನ್ನು ತಿಳಿಯಬೇಕು. ಜಗತ್ತಿನ ಪ್ರಸೂತಿ ವೈದ್ಯರೆಲ್ಲ ಇಂದಿಗೂ ಹೆಸರು ಹಿಡಿದು ಹೇಳುವ ಶಿರೋಡಕರ ಹೊಲಿಗೆಯನ್ನು ಕೊಟ್ಟವರು ಇವರೇ. ಇವರು ಹೈಸ್ಕೂಲು ಓದಿದ್ದು ನಮ್ಮ ಹುಬ್ಬಳ್ಳಿಯಲ್ಲಿ.

ಶಿರೋಡಕರ ಹುಟ್ಟಿದ್ದು 1899ರಲ್ಲಿ, ಗೋವಾದ ಶಿರೋಡಾ ಎಂಬ ಹಳ್ಳಿಯಲ್ಲಿ. ಆಗ ಗೋವಾ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಹುಬ್ಬಳ್ಳಿಯಲ್ಲಿ ಶಾಲೆ ಮುಗಿಸಿ ಅವರು ಕಾಲೇಜಿಗೆ ಪುಣೆಗೆ ಹೋದರು, ವೈದ್ಯಕೀಯ ಓದಿಗೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು ಸೇರಿದರು. ಆ ಕಾಲದಲ್ಲಿ ಧಾರವಾಡ, ವಿಜಯಪುರ ಜಿಲ್ಲೆಗಳೆರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1957ರಲ್ಲಿ. ಹಾಗಾಗಿ ಡಾಕ್ಟರ್ ಆಗಬೇಕೆಂಬ ಹುಡುಗ ಊರು ಬಿಟ್ಟು ದೂರ ಹೋಗಲೇಬೇಕಿತ್ತು. ಅವರು 1923ರಲ್ಲಿ ಎಂ.ಬಿ.ಬಿ.ಎಸ್., 1927ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಷಯದಲ್ಲಿ ಎಂ.ಡಿ. ಪಡೆದರು. ಬಳಿಕ ಇಂಗ್ಲೆಂಡಿಗೆ ಹೋಗಿ 1931ರಲ್ಲಿ ಎಫ್.ಆರ್.ಸಿ.ಎಸ್. ಪದವಿ ಗಳಿಸಿ ಸ್ವದೇಶಕ್ಕೆ ಮರಳಿದರು. ತಾವು ಓದಿದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿಯೇ ಪ್ರಾಧ್ಯಾಪಕರಾದರು.

ಆಗ ಅವರ ಮುಂದೆ ಒಂದು ಹಳೆಯ ಸಂಕಟವಿತ್ತು. ಕೆಲವು ಹೆಣ್ಣುಮಕ್ಕಳಿಗೆ ಗರ್ಭ ನಿಲ್ಲುತ್ತಿತ್ತು. ಮೊದಲ ಮೂರು ತಿಂಗಳು ಸುರಕ್ಷಿತವಾಗಿ ಕಳೆಯುತ್ತಿದ್ದವು. ಆದರೆ ನಾಲ್ಕರಿಂದ ಏಳನೆಯ ತಿಂಗಳ ನಡುವೆ, ದೊಡ್ಡ ನೋವೂ ಇಲ್ಲದೆ, ಗರ್ಭ ಜಾರಿ ಹೋಗುತ್ತಿತ್ತು. ಒಂದು ಸಲವಲ್ಲ, ನಾಲ್ಕು ಸಲ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು. ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರೂ, ಹಾರ್ಮೋನ್ ಚುಚ್ಚುಮದ್ದು ಕೊಟ್ಟರೂ ಪ್ರಯೋಜನವಾಗುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ತಪ್ಪೆಲ್ಲ ಆ ಹೆಣ್ಣುಮಗಳ ಮೇಲೆ ಬೀಳುತ್ತಿತ್ತು. ಹಣೆಬರಹ ಎಂದು ಸುಮ್ಮನಾಗುವುದು ಎಲ್ಲರಿಗೂ ಸುಲಭವಾಗಿತ್ತು.

ಶಿರೋಡಕರ ಸುಮ್ಮನಾಗಲಿಲ್ಲ. ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದ ಮಾನವ ಸಂತಾನೋತ್ಪತ್ತಿ ಪಾಠದಲ್ಲಿ ಗರ್ಭಕೋಶದ ಚಿತ್ರ ನೋಡಿ. ಅದು ತಲೆಕೆಳಗಾಗಿ ತೂಗುಹಾಕಿದ ಚೀಲದಂತಿದೆ. ಕೆಳಗಿನ ಇಕ್ಕಟ್ಟಾದ ಭಾಗವೇ ಗರ್ಭಕಂಠ. ಜೋಳ ತುಂಬಿದ ಚೀಲವನ್ನು ತಲೆಕೆಳಗು ಮಾಡಿದರೂ ಬಾಯಿ ಬಿಗಿಯಾಗಿ ಕಟ್ಟಿದ್ದರೆ ಕಾಳು ಚೆಲ್ಲುವುದಿಲ್ಲ. ಕಟ್ಟು ಸಡಿಲಾದರೆ ಭಾರ ಹೆಚ್ಚಿದಂತೆ ಬಾಯಿ ಬಿಚ್ಚಿಕೊಳ್ಳುತ್ತದೆ. ಈ ತಾಯಂದಿರಲ್ಲಿ ಆಗುತ್ತಿದ್ದದ್ದೂ ಅದೇ. ಶಿಶುವಿನಲ್ಲಿ ದೋಷವಿರಲಿಲ್ಲ. ಗರ್ಭಕಂಠದ ಒಳಬಾಯಿ ದುರ್ಬಲವಾಗಿತ್ತು. ಗರ್ಭಿಣಿಯರನ್ನು ಮತ್ತೆ ಮತ್ತೆ ಪರೀಕ್ಷಿಸಿ ಅವರು ಇದನ್ನು ಖಚಿತಪಡಿಸಿಕೊಂಡರು.

ಕಾರಣ ತಿಳಿದ ಮೇಲೆ ಉಪಾಯವೂ ಹೊಳೆಯಿತು. ಬಾಯಿ ಸಡಿಲಾಗಿದ್ದರೆ ಸುತ್ತಲೂ ಬಿಗಿದು ಕಟ್ಟಬೇಕು. ಮೊದಮೊದಲು ಅವರು ಕಟ್ಟಲು ಬಳಸಿದ್ದು ಆ ತಾಯಿಯ ತೊಡೆಯಿಂದಲೇ ತೆಗೆದ ಗಟ್ಟಿ ತಂತುಪೊರೆಯ ಪಟ್ಟಿಯನ್ನು. ಮೂತ್ರಕೋಶವನ್ನು ನಾಜೂಕಾಗಿ ಮೇಲಕ್ಕೆ ಸರಿಸಿ, ಒಳಬಾಯಿಯ ಮಟ್ಟದಲ್ಲಿ ಆ ಪಟ್ಟಿಯನ್ನು ಸುತ್ತಿ ಹೊಲಿಯುತ್ತಿದ್ದರು. ನಾಲ್ಕಕ್ಕಿಂತ ಕಡಿಮೆಯಿಲ್ಲದಷ್ಟು ಸಲ ಗರ್ಭ ಕಳೆದುಕೊಂಡಿದ್ದ ಹೆಣ್ಣುಮಕ್ಕಳ ಮೇಲೆ ನಡೆಸಿದ 30 ಶಸ್ತ್ರಚಿಕಿತ್ಸೆಗಳ ವಿವರವನ್ನು ಅವರು 1955ರಲ್ಲಿ ಪ್ರಕಟಿಸಿದರು. ಅದು ಅಚ್ಚಾದದ್ದು ಮದರಾಸಿನಿಂದ ಹೊರಡುತ್ತಿದ್ದ ದಿ ಆಂಟಿಸೆಪ್ಟಿಕ್ ಎಂಬ ವೈದ್ಯ ಪತ್ರಿಕೆಯಲ್ಲಿ. ಎರಡು ವರ್ಷದ ನಂತರ ಆಸ್ಟ್ರೇಲಿಯಾದ ಇಯಾನ್ ಮೆಕ್‌ಡೊನಾಲ್ಡ್ ಇದೇ ಕೆಲಸಕ್ಕೆ ಇನ್ನಷ್ಟು ಸರಳವಾದ ಹೊಲಿಗೆಯೊಂದನ್ನು ವಿವರಿಸಿದರು. ಇಂದು ಎರಡೂ ಬಳಕೆಯಲ್ಲಿವೆ.

ಹೆಣ್ಣಿನ ಅಂಗವನ್ನು ಕತ್ತರಿಸಿ ತೆಗೆಯುವ ಮೊದಲು ಅದನ್ನು ಸರಿಪಡಿಸಿ ಉಳಿಸಲು ಸಾಧ್ಯವೇ ಎಂದು ನೋಡುವುದು ಅವರ ಕೆಲಸದ ರೀತಿಯಾಗಿತ್ತು. ಗರ್ಭಕೋಶ ಕೆಳಗೆ ಜಾರಿದ ಎಳೆಯ ವಯಸ್ಸಿನವರಿಗೆ ಅದನ್ನು ತೆಗೆಯದೆ ಪಟ್ಟಿಯಿಂದ ಮೇಲಕ್ಕೆ ಎತ್ತಿ ಕಟ್ಟುವ ವಿಧಾನವನ್ನು ರೂಪಿಸಿದರು. ಮುಚ್ಚಿಹೋದ ಗರ್ಭನಾಳಗಳನ್ನು ತೆರೆಯುವ ಶಸ್ತ್ರಚಿಕಿತ್ಸೆಯಲ್ಲೂ ಹೆಸರು ಮಾಡಿದರು. ಅದೇ ಹೊತ್ತಿಗೆ ಕುಟುಂಬ ಯೋಜನೆಗೂ ದುಡಿದರು. ಮಗು ಬೇಕೆನ್ನುವವಳಿಗೆ ಮಗು, ಸಾಕೆನ್ನುವವಳಿಗೆ ಬಿಡುವು, ಎರಡೂ ಅವರ ಕಣ್ಣಿಗೆ ಹೆಣ್ಣಿನ ಆರೋಗ್ಯದ ಭಾಗಗಳೇ ಆಗಿದ್ದವು. ಸರ್ಕಾರ 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ನೀಡಿ ಗೌರವಿಸಿತು. 1971ರ ಮಾರ್ಚ್ 7ರಂದು ಅವರು ತೀರಿಕೊಂಡರು.

ಆದರೆ ಅವರ ಹೊಲಿಗೆಯ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅವರು ನಿಧನರಾದ ಮೇಲೆ ಅದು ಕ್ಯಾನ್ಸರ್ ಚಿಕಿತ್ಸೆಗೂ ನೆರವಾಯಿತು.

ಗರ್ಭಕಂಠದ ಕ್ಯಾನ್ಸರ್ ಭಾರತದ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್. 1898ರಲ್ಲಿ ವಿಯೆನ್ನಾದ ಅರ್ನ್‌ಸ್ಟ್ ವೆರ್ತೈಮ್ ಇದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯೊಂದನ್ನು ಆರಂಭಿಸಿದರು. ಗರ್ಭಕಂಠ, ಗರ್ಭಕೋಶ, ಸುತ್ತಲಿನ ಅಂಗಾಂಶ ಎಲ್ಲವನ್ನೂ ಅದರಲ್ಲಿ ತೆಗೆಯುತ್ತಿದ್ದರು. ಜೀವ ಉಳಿಯುತ್ತಿತ್ತು, ಆದರೆ ಇಪ್ಪತ್ತೈದು, ಮೂವತ್ತರ ವಯಸ್ಸಿನವಳಿಗೆ ತಾಯಿಯಾಗುವ ಬಾಗಿಲು ಮುಚ್ಚುತ್ತಿತ್ತು. 1987ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಡೇನಿಯಲ್ ದಾರ್ಜಾಂ ಬೇರೆ ದಾರಿ ಹಿಡಿದರು. ಗಡ್ಡೆ ಚಿಕ್ಕದಿದ್ದು ಗರ್ಭಕಂಠದಲ್ಲೇ ಇದ್ದರೆ ಕಂಠ ಮತ್ತು ಅದರ ಸುತ್ತಲಿನ ಭಾಗವನ್ನಷ್ಟೇ ತೆಗೆದು, ಗರ್ಭಕೋಶದ ಮೇಲಿನ ಭಾಗವನ್ನು ಉಳಿಸಿ ಯೋನಿಗೆ ಜೋಡಿಸಿದರು. ಇದಕ್ಕೆ ಟ್ರೇಕಿಲೆಕ್ಟಮಿ ಎನ್ನುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಚೀಲದ ಬಾಯನ್ನೇ ಕತ್ತರಿಸಿದ ಮೇಲೆ ಗರ್ಭ ನಿಲ್ಲುವುದು ಹೇಗೆ? ಅದಕ್ಕೆ ಉತ್ತರ ಶಿರೋಡಕರ ತೋರಿಸಿದ ಕಟ್ಟು. ಉಳಿದ ಗರ್ಭಕೋಶದ ಕೆಳತುದಿಗೆ ಸುತ್ತಲೂ ಗಟ್ಟಿ ಹೊಲಿಗೆ ಹಾಕುತ್ತಾರೆ. ಅದು ಅಲ್ಲೇ ಉಳಿಯುತ್ತದೆ, ಮಗುವನ್ನು ಸಿಸೇರಿಯನ್ ಮೂಲಕ ಹೊರತೆಗೆಯುತ್ತಾರೆ. ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯ ಇಲ್ಲಿ ಹೆಚ್ಚು, ಆದ್ದರಿಂದ ಇಂಥ ಗರ್ಭಿಣಿಯರಿಗೆ ವಿಶೇಷ ನಿಗಾ ಬೇಕು. ಆದರೂ ಕ್ಯಾನ್ಸರ್ ಗೆದ್ದು ಮಗುವನ್ನು ಎತ್ತಿಕೊಂಡ ತಾಯಂದಿರು ಇಂದು ಅನೇಕ ದೇಶಗಳಲ್ಲಿ ಇದ್ದಾರೆ. ಶಿರೋಡಕರ ಕ್ಯಾನ್ಸರ್ ತಜ್ಞರಲ್ಲ. ಆದರೂ ಒಂದು ತೊಂದರೆಗೆ ಅವರು ಕಂಡುಕೊಂಡ ಸರಿಯಾದ ಉತ್ತರ, ಅವರು ಊಹಿಸಿಯೂ ಇರದ ಇನ್ನೊಂದು ತೊಂದರೆಗೆ ನೆರವಾಯಿತು. ವಿಜ್ಞಾನ ಮುಂದೆ ಸಾಗುವುದು ಹೀಗೆಯೇ.

ಇದರಲ್ಲಿ ನಮಗೆಲ್ಲ ಒಂದು ಎಚ್ಚರಿಕೆಯೂ ಇದೆ. ಈ ಶಸ್ತ್ರಚಿಕಿತ್ಸೆ ಎಲ್ಲರಿಗೂ ಆಗುವುದಿಲ್ಲ. ಗಡ್ಡೆ ಸಾಮಾನ್ಯವಾಗಿ 2 ಸೆಂಟಿಮೀಟರಿಗಿಂತ ಚಿಕ್ಕದಿರಬೇಕು, ದುಗ್ಧಗ್ರಂಥಿಗಳಿಗೆ ರೋಗ ಹಬ್ಬಿರಬಾರದು. ಇನ್ನೂ ಮೊದಲೇ ಕಂಡರೆ ಗರ್ಭಕಂಠದ ಒಂದು ತುಣುಕು ತೆಗೆದರೆ ಸಾಕಾಗುತ್ತದೆ. ಅಂಡಾಶಯದ ಕ್ಯಾನ್ಸರ್ ಒಂದೇ ಬದಿಗೆ ಇದ್ದಾಗ, ಆರಂಭದ ಹಂತದಲ್ಲಿ, ಇನ್ನೊಂದು ಅಂಡಾಶಯವನ್ನೂ ಗರ್ಭಕೋಶವನ್ನೂ ಉಳಿಸುವ ದಾರಿ ಕೆಲವರಿಗೆ ಇರುತ್ತದೆ. ತಡವಾದರೆ ಈ ದಾರಿಗಳೆಲ್ಲ ಒಂದೊಂದಾಗಿ ಮುಚ್ಚುತ್ತವೆ, ಆಗ ಜೀವ ಉಳಿಸುವುದೇ ಮೊದಲ ಕೆಲಸವಾಗುತ್ತದೆ.

ತಡವಾಗುವುದೇಕೆ? ಬಹಳ ಸಲ ನಾಚಿಕೆಯಿಂದ. ಮುಟ್ಟಿನ ದಿನಗಳ ಹೊರತಾಗಿ ರಕ್ತ ಕಂಡರೂ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕಂಡರೂ, ವಾಸನೆಯ ಬಿಳಿಸೆರಗು ಹೋಗುತ್ತಿದ್ದರೂ ಮನೆಯ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಹೊಲದ ಕೆಲಸ, ಮನೆಗೆಲಸ, ಮಕ್ಕಳ ಪರೀಕ್ಷೆ ಎಲ್ಲ ಮುಗಿಯಲಿ ಎಂದು ಮುಂದೂಡುತ್ತಾರೆ. ಇಂಥ ಲಕ್ಷಣವೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್ ಅಲ್ಲವೆಂದು ಹೇಳಬೇಕಾದವರು ವೈದ್ಯರು. ಲಕ್ಷಣ ಕಾಣುವ ಮೊದಲೇ ಪ್ಯಾಪ್ ಪರೀಕ್ಷೆ ರೋಗದ ಮುನ್ಸೂಚನೆ ಹಿಡಿಯಬಲ್ಲದು. ಈ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್.ಪಿ.ವಿ. ವೈರಾಣುವಿಗೆ ಲಸಿಕೆಯೂ ಇದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಅದು ಹೆಚ್ಚು ಫಲಕಾರಿ. ಮನೆಯಲ್ಲಿ ಆ ವಯಸ್ಸಿನ ತಂಗಿಯಿದ್ದರೆ ತಂದೆ-ತಾಯಿಯೊಂದಿಗೆ ಈ ವಿಷಯ ಮಾತಾಡಿ, ವೈದ್ಯರನ್ನು ಕೇಳಿ.

ವಿದ್ಯಾರ್ಥಿ ಮಿತ್ರರೇ, ಶಿರೋಡಕರ ಹೊಲಿಗೆಗೆ ಭಾರಿ ಯಂತ್ರಗಳು ಬೇಕಾಗಿರಲಿಲ್ಲ. ಬೇಕಾದದ್ದು ನೊಂದ ಹೆಣ್ಣುಮಗಳ ಮಾತನ್ನು ಪೂರ್ತಿ ಕೇಳುವ ತಾಳ್ಮೆ, ಕಾರಣ ಸಿಗುವ ತನಕ ಬಿಡದ ಹಟ ಮತ್ತು ನುರಿತ ಕೈ. ನೀಟ್ ಪರೀಕ್ಷೆಯ ಅಂಕ ನಿಮ್ಮನ್ನು ಮೆಡಿಕಲ್ ಕಾಲೇಜಿನ ಬಾಗಿಲ ತನಕ ಒಯ್ಯಬಹುದು. ಅಲ್ಲಿಂದ ಮುಂದೆ ಬೇಕಾಗುವುದು ಈ ಮೂರು ಗುಣಗಳು. ಅವನ್ನು ರೂಢಿಸಿಕೊಳ್ಳಲು ಮೆಡಿಕಲ್ ಸೀಟು ಸಿಗುವ ತನಕ ಕಾಯಬೇಕಾಗಿಲ್ಲ. ನಮ್ಮ ಮನೆಯ ಅವ್ವ, ಅಮ್ಮಿ, ಅಕ್ಕಂದಿರ ಆರೋಗ್ಯದ ಮಾತನ್ನು ಇವತ್ತೇ ಕಿವಿಗೊಟ್ಟು ಕೇಳೋಣ.