ಕುಮಾರರಾಮ: ಶೀಲದ ಕಥನ ಮತ್ತು ಬಯಕೆಯ ಮೌನ

ಗಂಗಾವತಿ ತಾಲ್ಲೂಕಿನ ಜಬ್ಬಲಗುಡ್ಡದ ಸಮೀಪದ ಕುಮ್ಮಟದುರ್ಗ ಇಂದು ಪಾಳುಗೋಡೆಗಳ ಬೆಟ್ಟ. ಸೇವುಣರ ಆಳ್ವಿಕೆ ಕುಸಿದ ನಂತರ, ಹದಿನಾಲ್ಕನೆಯ ಶತಮಾನದ ಮೊದಲ ದಶಕಗಳಲ್ಲಿ, ತುಂಗಭದ್ರೆಯ ಎರಡೂ ದಡಗಳಲ್ಲಿ ತಲೆಯೆತ್ತಿದ ಕಂಪಿಲಿ ರಾಜ್ಯದ ಮುಖ್ಯ ನೆಲೆಗಳಲ್ಲಿ ಇದೂ ಒಂದು. ಸಂಡೂರಿನ ಹೊಸಮಲೆದುರ್ಗ ಇನ್ನೊಂದು. ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲರಾಯನಿಗೂ ಹರಿಹರದೇವಿಗೂ ಹುಟ್ಟಿದವನು ಕುಮಾರರಾಮ. ಒಂದು ಕಡೆ ಹೊಯ್ಸಳರ ಮುಮ್ಮಡಿ ಬಲ್ಲಾಳ, ಇನ್ನೊಂದು ಕಡೆ ಓರುಗಲ್ಲಿನ ಪ್ರತಾಪರುದ್ರ. ಈ ಇಬ್ಬರ ನಡುವೆ ಚಿಕ್ಕ ರಾಜ್ಯವೊಂದನ್ನು ಉಳಿಸಿಕೊಳ್ಳುವ ಯುದ್ಧಗಳಲ್ಲಿಯೇ ಅವನ ಯೌವನ ಕಳೆಯಿತು.

ಚರಿತ್ರೆ ಅವನ ಬಗ್ಗೆ ಹೇಳುವುದು ಕಡಿಮೆ. ಕಾವ್ಯ ಹೇಳುವುದು ಹೆಚ್ಚು. ಹದಿನಾರನೆಯ ಶತಮಾನದ ನಂಜುಂಡ ಕವಿ, ಆ ಬಳಿಕ ಪಾಂಚಾಳ ಗಂಗ ಮೊದಲಾದವರು ಅವನನ್ನು ಸಾಂಗತ್ಯದಲ್ಲಿ ಹಾಡಿದರು. ಚೆಂಡಾಟದಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ರಾಮನನ್ನು ಆಕೆ ಬಯಸುತ್ತಾಳೆ, ಅವನು ನಿರಾಕರಿಸುತ್ತಾನೆ, ಆಕೆ ಅವನ ಮೇಲೆಯೇ ದೂರು ಹೊರಿಸುತ್ತಾಳೆ. ತಂದೆ ತಲೆ ಕಡಿಯಲು ಆಜ್ಞಾಪಿಸಿದಾಗ ಮಂತ್ರಿ ಬೈಚಪ್ಪ ಅವನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಬೇರೊಂದು ತಲೆಯನ್ನು ತೋರಿಸಿ ಅರಸನನ್ನು ನಂಬಿಸುತ್ತಾನೆ. ದೆಹಲಿಯ ಸುಲ್ತಾನನ ಮಗಳೂ ರಾಮನನ್ನು ಮೋಹಿಸಿದಳೆಂದು ಕಾವ್ಯಗಳು ಹೇಳುತ್ತವೆ. ಪರನಾರೀಸಹೋದರನೆಂಬ ಬಿರುದು ನಿಂತಿರುವುದು ಇಂತಹ ಪ್ರಸಂಗಗಳ ಮೇಲೆ.

ಇಲ್ಲಿ ಒಂದು ವಿನ್ಯಾಸ ಎದ್ದು ಕಾಣುತ್ತದೆ. ಬಯಕೆ ಯಾವಾಗಲೂ ಎದುರಿನಿಂದ ಬರುತ್ತದೆ. ನಾಯಕನ ಪಾಲಿಗೆ ಉಳಿಯುವುದು ನಿರಾಕರಣೆ. ರಾಮನಿಗೆ ಮಡದಿಯರಿದ್ದರೂ ಕಾವ್ಯದ ಆಪ್ತತೆ ಹರಿಯುವುದು ಕಾಟಣ್ಣನಂತಹ ಒಡನಾಡಿಗಳ ಕಡೆಗೆ. ಆಟ, ಬೇಟೆ, ಯುದ್ಧ, ಸಾವು ಎಲ್ಲವೂ ಗಂಡಸರ ಜೊತೆಯಲ್ಲಿ. ಇದನ್ನು ಸಲಿಂಗಪ್ರೇಮವೆಂದು ಕರೆಯಬಹುದೇ? ಕರೆಯಲಾಗದು ಎಂಬುದೇ ನನ್ನ ಅಭಿಪ್ರಾಯ. ವೀರರ ನಡುವಣ ಸ್ನೇಹ ಮಧ್ಯಕಾಲೀನ ಕಥನದ ಸಾಮಾನ್ಯ ಧಾಟಿ. ಅಲ್ಲಿ ದೇಹದ ಬಯಕೆಯನ್ನು ಓದಲು ಪಠ್ಯದ ಆಧಾರವಿಲ್ಲ. ಆದರೆ ಆಧಾರವಿಲ್ಲವೆಂಬ ಇದೇ ಎಚ್ಚರವನ್ನು ನಾವು ಎಲ್ಲರ ವಿಷಯದಲ್ಲಿಯೂ ತೋರುತ್ತೇವೆಯೇ ಎಂಬುದು ಬೇರೆಯೇ ಪ್ರಶ್ನೆ.

ರಾಮನ ಸಮಕಾಲೀನ ದೆಹಲಿಯನ್ನೇ ನೋಡಬಹುದು. 1310-11ರಲ್ಲಿ ದೋರಸಮುದ್ರದವರೆಗೆ ದಂಡೆತ್ತಿ ಬಂದ ಮಲಿಕ್ ಕಾಫೂರನಿಗೂ ಅಲಾವುದ್ದೀನ್ ಖಿಲ್ಜಿಗೂ ಇದ್ದ ಅನುರಕ್ತಿಯನ್ನು, ಮುಬಾರಕ್ ಶಾಹನಿಗೆ ಖುಸ್ರೋ ಖಾನನ ಮೇಲಿದ್ದ ಮೋಹವನ್ನು ಬರನಿ ಖಂಡಿಸಿಯೇ ದಾಖಲಿಸಿದ್ದಾನೆ. ಅವನ ನಿಂದೆಗೆ ಆಸ್ಥಾನ ರಾಜಕಾರಣದ ಕಾರಣಗಳೂ ಇದ್ದವು. 2018ರ ‘ಪದ್ಮಾವತ್’ ಹಿಂದಿ ಚಿತ್ರದಲ್ಲಿ ಆ ಸಂಬಂಧ ಖಳನ ವಿಕೃತಿಯ ಒಂದು ಗುರುತಾಯಿತು. ನಮ್ಮಲ್ಲಿ 2006ರ ‘ಗಂಡುಗಲಿ ಕುಮಾರರಾಮ’ ಚಿತ್ರದ ಹೆಸರೇ ಗಂಡಸುತನದ ಘೋಷಣೆ. ಒಂದೇ ಕಾಲದ ಎರಡು ಆಸ್ಥಾನಗಳಲ್ಲಿ ಸಲಿಂಗಕಾಮ ಶತ್ರುವಿನ ಪಾಲಾಯಿತು, ಶೀಲ ನಮ್ಮವನ ಪಾಲಾಯಿತು. ಹೀಗೆ ಹಂಚಿದ ಮೇಲೆ ಆ ಬಯಕೆ ಹೊರಗಿನಿಂದ ಬಂದದ್ದೆಂಬ ನಂಬಿಕೆ ಬೇರೂರುವುದು ಸುಲಭ. 2013ರಲ್ಲಿ ‘ಮೋಹನಸ್ವಾಮಿ’ಯನ್ನು ಪ್ರಕಟಿಸಿದ ವಸುಧೇಂದ್ರರು ಇದೇ ಸಂಡೂರಿನವರು, ಸಲಿಂಗಪ್ರೇಮಿಯನ್ನು ಅವರು ಕನ್ನಡದ ಮನೆಯೊಳಗಿನ ಮಗನಾಗಿ ತೋರಿಸಿದ್ದು ಈ ಹಿನ್ನೆಲೆಯಲ್ಲಿ ಸಣ್ಣ ಸಂಗತಿಯಲ್ಲ.

ರಾಮನ ಅಂತ್ಯಕ್ಕೆ ಬರೋಣ. ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟದ್ದರಿಂದ 1327ರ ಸುಮಾರಿಗೆ ದೆಹಲಿಯ ಸೈನ್ಯ ಕುಮ್ಮಟಕ್ಕೆ ಬಂತು. ಸೋಲು ಖಚಿತವಾದಾಗ ಅರಸು ಆಶ್ರಿತನನ್ನು ಬಲ್ಲಾಳನ ಬಳಿಗೆ ಕಳುಹಿಸಿದ, ಅಂತಃಪುರ ಚಿತೆಯೇರಿತು, ಅರಸು ಹೋರಾಡಿ ಮಡಿದ. ಇಬ್ನ್ ಬತೂತನ ಬರಹದಲ್ಲಿ ಸೆರೆಸಿಕ್ಕು ಮತಾಂತರಗೊಂಡ ಅರಸುಕುವರರ ಪ್ರಸ್ತಾಪವಿದೆ, ಮಲತಾಯಿಯ ಕಥೆಯಿಲ್ಲ. ಸಾಂಗತ್ಯಗಳಲ್ಲಿ ಯುದ್ಧಕ್ಕೆ ಕಾರಣವೇ ಬೇರೆ, ನೆಲಮಾಳಿಗೆಯಿಂದ ಹೊರಬಂದ ರಾಮ ಕೊನೆಗೆ ಬೀಳುವುದು ಮಾತಂಗಿಯೆಂಬ ಹೆಣ್ಣು ಸೈನ್ಯದೊಡನೆ ಬಂದ ಕಾಳಗದಲ್ಲಿ. ಹೆಣ್ಣನ್ನು ನಿರಾಕರಿಸಿ ಹೆಸರಾದವನ ಎದುರಿಗೆ ಕವಿಗಳು ಕಟ್ಟಕಡೆಗೆ ನಿಲ್ಲಿಸಿದ್ದು ಆಯುಧ ಹಿಡಿದ ಹೆಣ್ಣನ್ನು. ಗಂಡು-ಹೆಣ್ಣಿನ ಪಾತ್ರಗಳು ಅದಲುಬದಲಾಗುವ ಈ ಭಾಗವನ್ನು ನಮ್ಮ ವಿಮರ್ಶೆ ಅವಸರದಲ್ಲಿ ದಾಟಿಬಿಟ್ಟಿದೆ. ಜನ ಮಾತ್ರ ಅವನನ್ನು ದೈವವಾಗಿಸಿಕೊಂಡರು. ಹಲವು ಗುಡಿಗಳಲ್ಲಿ ಇಂದಿಗೂ ಪೂಜೆಗೊಳ್ಳುವುದು ಮರದಲ್ಲಿ ಕೆತ್ತಿದ ಅವನ ತಲೆ ಮಾತ್ರ, ದೇಹವಲ್ಲ.